ಮಾವನವರ ಟ್ಯಾಬು ಏಳದಾಗ

ಹಿಂದೆ ಮನೆಯಲ್ಲಿ ಒಂದು ಯಂತ್ರ ಕೆಟ್ಟರೆ, ಅದು ಕೆಟ್ಟಿತೆಂಬುದರಲ್ಲಿ ಯಾರಿಗೂ ಸಂದೇಹವಿರುತ್ತಿರಲಿಲ್ಲ. ರೇಡಿಯೋ ಗೊರಗೊರ ಎನ್ನುತ್ತಿತ್ತು. ಗೋಡೆಯ ಗಡಿಯಾರ ನಿಂತ ಹೊತ್ತಿನಲ್ಲೇ ನಿಂತಿರುತ್ತಿತ್ತು. ಈಗಿನ ಟ್ಯಾಬ್ಲೆಟ್ಟಿನ ರೋಗ ಹಾಗಲ್ಲ. ಗುಂಡಿ ಒತ್ತಿದರೆ ಬೆಳಕು ಬರುತ್ತದೆ, ತಯಾರಕರ ಹೆಸರು ಮೂಡುತ್ತದೆ, ಇನ್ನೇನು ಎದ್ದಿತು ಎನ್ನುವಷ್ಟರಲ್ಲಿ ಕತ್ತಲೆ; ಮತ್ತೆ ಹೆಸರು, ಮತ್ತೆ ಕತ್ತಲೆ. ಪರೀಕ್ಷೆಯ ದಿನ ಬೆಳಗಿನ ಜಾವ ಎಬ್ಬಿಸಿದ ಹುಡುಗ 'ಹೂಂ' ಎಂದು ಮಗ್ಗುಲಾಗುವಂತೆ!

ಹಳೇಬೀಡಿನಲ್ಲಿರುವ ನಮ್ಮ ಸೋದರಮಾವನವರ ಟ್ಯಾಬು ಕಳೆದ ಮಳೆಗಾಲದಲ್ಲಿ ಈ ಹಟ ಹಿಡಿಯಿತು. ಮಾವನವರು ನಿವೃತ್ತ ಉಪಾಧ್ಯಾಯರು. ಯಂತ್ರದ ಬೆಲೆಗಾಗಿ ಕೊರಗುವವರಲ್ಲ. ಆದರೆ ನಾಲ್ಕು ವರ್ಷಗಳಿಂದ ಜಾವಗಲ್, ಹಳೇಬೀಡು, ಬೇಲೂರುಗಳ ಸುತ್ತಿನ ಹಳ್ಳಿಗಳಲ್ಲಿ ತಿರುಗಿ, ಮುದುಕಿಯರನ್ನು ಜಗಲಿಯ ಮೇಲೆ ಕುಳ್ಳಿರಿಸಿ, ಅವರಿಂದ ಹಾಡಿಸಿ ಹಿಡಿದಿಟ್ಟ ಸೋಬಾನೆಯ ಪದಗಳೂ ಬೀಸುವ ಪದಗಳೂ ಅದರೊಳಗಿದ್ದುವು. ಹಾಡಿದವರಲ್ಲಿ ಮೂವರು ಈಗಿಲ್ಲ. ಬೇರೆಡೆ ಪ್ರತಿಯೂ ಇರಲಿಲ್ಲ. "ಕ್ಲೌಡಿನಲ್ಲಿಡಿ ಮಾವ" ಎಂದು ನಾನು ಎಷ್ಟೋ ಸಲ ಹೇಳಿದ್ದುಂಟು. "ಕ್ಲೌಡೆಂದರೆ ಮೋಡ ತಾನೆ? ಮೋಡದಲ್ಲಿಟ್ಟದ್ದು ಯಾರ ಹೊಲದಲ್ಲಿ ಸುರಿಯುತ್ತದೋ ಯಾರಿಗೆ ಗೊತ್ತು!" ಎಂಬುದು ಅವರ ಉತ್ತರ.

ಬೇಲೂರಿನ ಒಂದು ಅಂಗಡಿಯ ಹುಡುಗ ಎರಡು ನಿಮಿಷ ನೋಡಿ ತೀರ್ಪು ಕೊಟ್ಟನಂತೆ: "ಸಾಫ್ಟ್‌ವೇರ್ ಹೊಡೀಬೇಕು ಸಾರ್. ಡೇಟಾ ಹೋಗುತ್ತೆ. ಹೊಸದಾಗಿ ತಗೊಂಡಾಗ ಹೆಂಗಿತ್ತೋ ಹಂಗೆ ಬರುತ್ತೆ." ಮಾವನವರು ಟ್ಯಾಬನ್ನು ಪಂಚೆಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡು, ಜಾವಗಲ್ ಮಾರ್ಗವಾಗಿ ಅರಸೀಕೆರೆಗೆ ಬಂದಿಳಿದರು. "ನನಗೆ ಟ್ಯಾಬು ಬೇಡಪ್ಪ, ಪದ ಬೇಕು" ಎಂದರು.

ಬೇಲೂರಿನ ಗುಡಿಯ ಶಿಖರವನ್ನು 19ನೆಯ ಶತಮಾನದಲ್ಲಿ ಇಳಿಸಿದುದು ಒಳಗಿನ ಗರ್ಭಗೃಹವನ್ನು ಉಳಿಸುವುದಕ್ಕಾಗಿ. ಅಂಗಡಿಯ ಹುಡುಗ ಹೇಳಿದುದಾದರೋ ಗೋಪುರವನ್ನು ನಿಲ್ಲಿಸಿ ಗರ್ಭಗುಡಿಯನ್ನು ಬರಿದುಮಾಡುವ ಚಿಕಿತ್ಸೆ. ಅವನನ್ನು ದೂರುವಂತಿಲ್ಲ, ಅವನ ಬಳಿಗೆ ಬರುವ ಬಹುಮಂದಿಗೆ ಬೇಕಾದುದು ಯಂತ್ರವೇ.

ನಾನು ಕನ್ನಡ ಮೇಷ್ಟರು. ನಮ್ಮ ಕಾಲೇಜಿನ ಗಣಕವಿಜ್ಞಾನದ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ. ಅವನು ಮೊದಲು ಒಳ್ಳೆಯ ಚಾರ್ಜರಿಗೆ ಸಿಕ್ಕಿಸಿ ಒಂದು ಗಂಟೆ ಬಿಟ್ಟ. ಪೂರ್ತಿ ಬತ್ತಿಹೋದ ಬ್ಯಾಟರಿ ಅರ್ಧ ಗಂಟೆಯವರೆಗೆ ಉಸಿರೇ ಬಿಡದಿರಬಹುದಂತೆ. ಅದನ್ನೇ ಸಾವೆಂದು ತಿಳಿದು ಅಳುವವರೂ ಉಂಟು. ಅನಂತರ ಗುಂಡಿಯನ್ನು ಇಪ್ಪತ್ತು ಎಣಿಸುವವರೆಗೆ ಒತ್ತಿಹಿಡಿದ. ಅದೇ ಹೆಸರು, ಅದೇ ಕತ್ತಲೆ. "ಹೆಸರು ಬರ್ತಿದೆಯಲ್ಲ ಸಾರ್, ಅದೇ ಒಳ್ಳೇದು" ಎಂದ.

ಅದರ ಅರ್ಥ ಹೀಗೆ: ಯಂತ್ರದ ಚಿಪ್ಪಿನಲ್ಲಿ ಯಾರೂ ಅಳಿಸಲಾಗದ ಒಂದು ಪುಟ್ಟ ಆದೇಶ ಕೂತಿರುತ್ತದೆ. ಅದು ಎದ್ದು ಎರಡನೆಯದನ್ನು ಎಬ್ಬಿಸುತ್ತದೆ. ಎರಡನೆಯದು ಮುಂದಿನದರ ಮುದ್ರೆಯನ್ನು ಪರೀಕ್ಷಿಸುತ್ತದೆ, ತಾಮ್ರಶಾಸನವನ್ನು ಓದುವ ಮೊದಲು ಬಳೆಯ ಮೇಲಿನ ಮುದ್ರೆಯನ್ನು ನೋಡುವ ಹಾಗೆ. ಮುದ್ರೆ ಸರಿಯಿದ್ದರೆ ಆಂಡ್ರಾಯ್ಡ್ ಏಳುತ್ತದೆ. ಕಡೆಗೆ ಒಡೆಯನ ಗುಪ್ತಸಂಖ್ಯೆಯನ್ನು ಕೇಳಿ ಒಳಮನೆಯ ಬೀಗ ತೆಗೆಯುತ್ತದೆ. ಈ ಏಳಿಸುವವರ ಬಳಗಕ್ಕೆಲ್ಲ ಫರ್ಮ್‌ವೇರ್ ಎಂದು ಹೆಸರು. ಹಿಂದಿನ ರಾತ್ರಿ ಯಂತ್ರ 'ಹೊಸ ಆವೃತ್ತಿ ಹಾಕಲೇ?' ಎಂದು ಕೇಳಿತ್ತು, ಮಾವನವರು ಒಪ್ಪಿದ್ದರು. ಬರವಣಿಗೆ ಎಲ್ಲೋ ನಡುವೆ ಮುರಿದಿತ್ತು. 2016ರಲ್ಲಿ ಬಂದ ಆಂಡ್ರಾಯ್ಡಿನ 7ನೆಯ ಆವೃತ್ತಿಯಿಂದೀಚೆಗೆ ಅನೇಕ ಯಂತ್ರಗಳಲ್ಲಿ ಹೊಸದನ್ನು ಬೇರೆ ಜಾಗದಲ್ಲಿ ಬರೆದು, ಅದು ಏಳದಿದ್ದರೆ ಹಳೆಯದಕ್ಕೇ ಮರಳುವ ಅನುಕೂಲವಿದೆ. ಮಾವನವರದರಲ್ಲಿ ಅದಿರಲಿಲ್ಲ.

ಗುಂಡಿಯನ್ನೂ ಧ್ವನಿ ಹೆಚ್ಚಿಸುವ ಕೀಲಿಯನ್ನೂ ಒಟ್ಟಿಗೆ ಒತ್ತಿದಾಗ ಸಣ್ಣಕ್ಷರದ ಪಟ್ಟಿಯೊಂದು ಬಂದಿತು. ಅದರಲ್ಲಿ 'ವೈಪ್ ಕ್ಯಾಶ್' ಎಂಬ ಸಾಲು ನಿರಪಾಯಕಾರಿ. ಅದರ ನೆರೆಯಲ್ಲೇ 'ವೈಪ್ ಡೇಟಾ' ಎಂಬ ಸಾಲು. ಎರಡರ ನಡುವೆ ಒಂದು ಬೆರಳಿನ ಅಂತರ! ಇಂಥ ನೆರೆಹೊರೆಯನ್ನು ಕಲ್ಪಿಸಿದ ಪುಣ್ಯಾತ್ಮರು ಯಾರೋ. ಮೊದಲನೆಯದರಿಂದ ಗುಣ ಕಾಣಲಿಲ್ಲ. "ನೆನಪಿನ ಚಿಪ್ಪನ್ನೇ ಕಿತ್ತು ಬೇರೆಡೆ ಓದಬಾರದೆ?" ಎಂದೆ. ಆಗದಂತೆ, ಒಳಗಿರುವುದೆಲ್ಲ ಗೂಢಲಿಪಿ, ಅದರ ಕೀಲಿ ಈ ಯಂತ್ರದ ಎದೆಯಲ್ಲೇ ಇದೆ.

ಉಳಿದ ದಾರಿ ಒಂದೇ: ಅದೇ ಫರ್ಮ್‌ವೇರನ್ನು ತಂತಿಯ ಮೂಲಕ, ಒಡೆಯನ ಭಾಗವನ್ನು ಮುಟ್ಟದೆ, ಮತ್ತೊಮ್ಮೆ ಬರೆಯುವುದು. ಮಾದರಿಯ ಸಂಖ್ಯೆ ಕೊನೆಯ ಅಕ್ಷರದವರೆಗೂ ಹೊಂದಬೇಕು. ಇದ್ದುದಕ್ಕಿಂತ ಹಳೆಯದನ್ನು ಯಂತ್ರ ಒಪ್ಪದು. ಒಂದು ಅಕ್ಷರ ತಪ್ಪಿದರೆ ನಮ್ಮ ಹಳಗನ್ನಡ ಕಾವ್ಯದ ಅರ್ಥ ಕೆಡುತ್ತದೆ. ಇಲ್ಲಿ ಯಂತ್ರವೇ ಕಲ್ಲಾಗಬಹುದು. ಹುಡುಗ ಬೆನ್ನಿನ ಸಣ್ಣ ಬರಹವನ್ನು ಮೂರು ಸಲ ಓದಿದ, ತಯಾರಕರ ಕಡತವನ್ನು ಇಳಿಸಿಕೊಂಡ, ಎರಡೂ ಯಂತ್ರಗಳ ಬ್ಯಾಟರಿ ತುಂಬಿದ ಮೇಲೆಯೇ ತಂತಿ ಜೋಡಿಸಿದ.

ನಡುವೆ ಕರೆಂಟು ಹೋಯಿತು. ನಾವು ಯಾರೂ ಮಾತನಾಡಲಿಲ್ಲ. ಕತ್ತಲೆಯಲ್ಲಿ ಶೇಕಡಾ ಸಂಖ್ಯೆ ಮಾತ್ರ ಏರುತ್ತಿತ್ತು. ಮಾವನವರು ತಮ್ಮಷ್ಟಕ್ಕೆ ಹೇಳಿಕೊಂಡರು: "ದಾಸೋಜ, ಚಾವಣ, ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೊರೆದುಹೋದರು. 1117ರಲ್ಲಿ ಕಟ್ಟಿದ ಗುಡಿ, ಇವತ್ತಿಗೂ ಓದಬಹುದು. ಈ ಹೆಂಗಸರು ಎಲ್ಲೂ ಹೆಸರು ಬರೆಯಲಿಲ್ಲವಲ್ಲಪ್ಪ." ಕೈ ಟ್ಯಾಬಿನ ಕಡೆಗೆ ಹೋಯಿತು. "ಮುಟ್ಟಬೇಡಿ ಮೇಷ್ಟ್ರೇ" ಎಂದ ಹುಡುಗ.

ನೂರು ಮುಟ್ಟಿದ ಬಳಿಕವೂ ಹತ್ತು ನಿಮಿಷ ಬರಿಯ ಹೆಸರು. ಈ ಹತ್ತು ನಿಮಿಷದಲ್ಲಿ ತಾಳ್ಮೆಗೆಟ್ಟು ಗುಂಡಿ ಒತ್ತಿ ಕೆಲಸ ಕೆಡಿಸುವವರು ಬಹಳವಂತೆ. ಆಮೇಲೆ ಅದು ಗುಪ್ತಸಂಖ್ಯೆ ಕೇಳಿತು. ಮಾವನವರು ನಮಗೆ ಕಾಣದಂತೆ ಗೋಡೆಯ ಕಡೆ ತಿರುಗಿ ಒತ್ತಿದರು.

ಪದಗಳೆಲ್ಲ ಇದ್ದುವು. ತೀರಿಕೊಂಡ ಅಜ್ಜಿಯೊಬ್ಬರ ಹಾಡನ್ನೇ ಮೊದಲು ಹಾಕಿದರು. ನಡುವೆ ಕೋಳಿ ಕೂಗುತ್ತದೆ, ಅಜ್ಜಿ ನಿಲ್ಲಿಸುತ್ತಾರೆ. "ಇನ್ನೊಂದು ಸಲ ಹೇಳಿ ಅಜ್ಜಿ" ಎಂಬ ಮಾವನವರ ದನಿ. ಅಂದು ರಾತ್ರಿಯೇ ಎರಡು ಪ್ರತಿಗಳಾದುವು. ಒಂದು ನನ್ನ ಬೀರುವಿನಲ್ಲಿದೆ, ಇನ್ನೊಂದನ್ನು ಮೈಸೂರಿನಲ್ಲಿರುವ ಅವರ ಮಗಳಿಗೆ ಕಳುಹಿಸಿದೆವು.

ಹೊರಡುವಾಗ ಹುಡುಗ ಹೇಳಿದ: "ಮುಂದೆ ಅಪ್‌ಡೇಟ್ ಕೇಳಿದರೆ ಬೇಡ ಅನ್ನಬೇಡಿ ಮೇಷ್ಟ್ರೇ, ಕಳ್ಳಗಿಂಡಿ ಮುಚ್ಚೋದೂ ಅದೇ. ಮೊದಲು ಪ್ರತಿ ಮಾಡಿ, ಬ್ಯಾಟರಿ ತುಂಬಿಸಿ, ಆಮೇಲೆ ಒಪ್ಪಿ." ಮಾವನವರು ಜೇಬಿನ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು, ಜಾವಗಲ್ಲಿನ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದರು. ಆ ಕಡೆಯ ಒಂದು ಹಳ್ಳಿಯಲ್ಲಿ ಅರ್ಧ ಹಾಡಿಸಿ ಬಿಟ್ಟ ಪದವೊಂದಿತ್ತಂತೆ.