ಟೆರೇಸಿನ ಮಳೆಗೆ ದಾರಿ ಯಾರು ತೋರಿಸಬೇಕು?

ಚರ್ಚ್‌ಗೇಟ್ ನಿಲ್ದಾಣದಿಂದ ಕ್ರಾಸ್ ಮೈದಾನದ ಅಂಚಿಗೆ ನಡೆದರೆ ಭೀಖಾ ಬೆಹ್ರಾಮ್ ಬಾವಿ ಸಿಗುತ್ತದೆ. 1725ರಲ್ಲಿ ಪಾರ್ಸಿ ವ್ಯಾಪಾರಿಯೊಬ್ಬರು ತೋಡಿಸಿದ್ದು. ಸಮುದ್ರ ಇಷ್ಟು ಹತ್ತಿರವಿದ್ದರೂ ನೀರು ಸಿಹಿ. ಒಳಗೆ ಪಾರ್ಸಿಗಳಿಗೆ ಮಾತ್ರ ಪ್ರವೇಶ. ನಾವು ಹೊರಗಿನಿಂದಲೇ ಇಣುಕಬೇಕು.

ಇಂದಿನ ಮುಂಬಯಿ ಕುಡಿಯುವುದು ದೂರದ ನೀರನ್ನು. ಏಳು ಜಲಾಶಯಗಳಲ್ಲಿ ತುಳಸಿ, ವಿಹಾರ್ ಎರಡೇ ನಗರದೊಳಗಿವೆ. ಆದರೆ ತಲೆಯ ಮೇಲೆ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ, ಬೆಂಗಳೂರಿನ ಎರಡು ಪಟ್ಟು! ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. 500 ಚದರ ಮೀಟರಿನ ಟೆರೇಸಿಗೆ ಹತ್ತು ಲಕ್ಷ ಲೀಟರ್.

ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ 2002ರಿಂದಲೇ ಇಲ್ಲಿ ಮಳೆಕೊಯ್ಲು ಕಡ್ಡಾಯ. ಮುಲುಂಡ್ ಕಡೆ ನಾನು ನೋಡಿದ ಒಂದು ಸೊಸೈಟಿಯಲ್ಲೂ ಪೈಪಿದೆ, ಗುಂಡಿಯಿದೆ, ಗುಂಡಿಯಲ್ಲಿ ಹುಲ್ಲೂ ಇದೆ. ಮೇ ತಿಂಗಳಲ್ಲಿ ಗೇಟಿಗೆ ಟ್ಯಾಂಕರ್ ಬರುತ್ತದೆ. ಪೈಪು ಜೋಡಿಸಿದವನಿಗೆ ಅದು ಯಾಕೆಂದು ಯಾರೂ ಹೇಳಿಕೊಟ್ಟಂತಿಲ್ಲ.

ಬೆಂಗಳೂರಿನಲ್ಲಿ ಜಲಮಂಡಳಿಯವರು ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಪಾರ್ಕ್ ಮಾಡಿದ್ದಾರೆ. ಫಿಲ್ಟರು, ಇಂಗುಗುಂಡಿಗಳ ಮಾದರಿಗಳನ್ನು ಕಣ್ಣಾರೆ ನೋಡಬಹುದು. ಪ್ಲಂಬರುಗಳಿಗೂ ತರಬೇತಿ ಕೊಟ್ಟರು. ಆ ಪಾಠವನ್ನು ಹಾಗೇ ಇಲ್ಲಿಗೆ ತಂದರೆ ನಡೆಯದು. ಮುಂಬಯಿ ಮಳೆ ಗಂಟೆಗೆ 50 ಮಿ.ಮೀ. ಸುರಿದರೆ ಅದೇ ಟೆರೇಸಿನಿಂದ 25,000 ಲೀಟರ್ ಒಮ್ಮೆಲೇ ಇಳಿಯುತ್ತದೆ. ಚಿಕ್ಕ ಫಿಲ್ಟರು ಉಕ್ಕಿ ಹರಿಯುತ್ತದೆ. ಪಾರಿವಾಳದ ಹಿಕ್ಕೆ ತೊಳೆದು ಬರುವ ಮೊದಲ ಮಳೆಯನ್ನು ಹೊರಗೆ ಬಿಡಲು ಬೇರೆ ವಾಲ್ವ್ ಬೇಕು. ಕಡಲಿಗೆ ಹತ್ತಿರವಾದ ತಗ್ಗಿನಲ್ಲಿ ಮಳೆಗಾಲದ ಅಂತರ್ಜಲ ಮೇಲೆಯೇ ಇರುತ್ತದೆ, ಗುಂಡಿ ತೋಡಿದರೂ ನೀರು ಇಂಗುವುದು ನಿಧಾನ. ಅಂಥಲ್ಲಿ ತೊಟ್ಟಿಯಲ್ಲಿ ಹಿಡಿದು ಫ್ಲಶ್‌ಗೆ, ಗಿಡಗಳಿಗೆ ಬಳಸುವುದೇ ಸರಿ.

ಕಲಬುರಗಿ ಕಡೆಯ ಪ್ಲಂಬರೊಬ್ಬರಿಗೆ ಇದನ್ನೆಲ್ಲ ವಿವರಿಸುತ್ತಿದ್ದೆ. ನಮ್ಮ ಸಾಫ್ಟ್‌ವೇರಿನವರಿಗೆ ಪಾಠ ಹೇಳುವ ಚಟ ಜಾಸ್ತಿ. ಅವರು ಕೈಯಲ್ಲಿದ್ದ ಪೈಪು ಕೆಳಗಿಟ್ಟು ಕೇಳಿದರು: “ಗುಂಡಿ ಎಲ್ಲಿ ತೋಡ್ಲಿರಿ ಸರ? ಕಂಪೌಂಡ್ ತನಕ ಕೆಳಗ ಪಾರ್ಕಿಂಗೇ ಅದ. ಮಣ್ಣೇ ಇಲ್ಲ.”

ಇದಕ್ಕೆ ಪ್ಲಂಬರ್ ಏನೂ ಮಾಡಲಾರ. ಎರಡು ಅಂತಸ್ತಿನ ಬೇಸ್‌ಮೆಂಟಿನ ನಕ್ಷೆ ಬರೆಯುವಾಗಲೇ ಆರ್ಕಿಟೆಕ್ಟ್ ಒಂದು ಮೂಲೆಯಲ್ಲಿ ಮಣ್ಣು ಉಳಿಸಬೇಕು, ಇಲ್ಲವೇ ತೊಟ್ಟಿಗೆ ಜಾಗ ಬಿಡಬೇಕು. ತರಬೇತಿಯ ಮೊದಲ ಬೆಂಚಿನಲ್ಲಿ ಅವರನ್ನೇ ಕೂರಿಸಬೇಕು, ಪಕ್ಕದಲ್ಲಿ ಬಿಲ್ಡರನ್ನೂ.