ಓತಿಕ್ಯಾತಕ್ಕೆ ಬೇಲಿ ಸಾಕ್ಷಿ

ಮಗಳ ಮನೆಗೆಂದು ಅಮೆರಿಕಕ್ಕೆ ಹೋದವಳು ಅಲ್ಲಿ ಓತಿಕ್ಯಾತದ ಆರೈಕೆ ಮಾಡಿ ಬಂದೆ ಎಂದರೆ ಶಿವಮೊಗ್ಗದ ನಮ್ಮ ಓಣಿಯ ಹೆಂಗಸರು ಇವತ್ತಿಗೂ ನಗುತ್ತಾರೆ. ನಗಲಿ ಬಿಡಿ. ಆ ಪ್ರಾಣಿಯ ನೆಪದಲ್ಲಿ ನಾನು ಕಲಿತದ್ದನ್ನು ಅರವತ್ತಾರು ವರ್ಷ ನನಗೆ ಯಾರೂ ಕಲಿಸಿರಲಿಲ್ಲ.

2023ರ ಬೇಸಿಗೆ. ಟೆಕ್ಸಸ್ ರಾಜ್ಯದ ಡಾಲಸ್ ಹತ್ತಿರ ಇರುವ ಮಗಳ ಮನೆ ತಲುಪಿದ ದಿನವೇ ಹನ್ನೊಂದು ವರ್ಷದ ಮೊಮ್ಮಗ ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ತನ್ನ ಕೋಣೆಯ ಗಾಜಿನ ಪೆಟ್ಟಿಗೆ ತೋರಿಸಿದ. ಒಳಗೆ ಬಾಲವೂ ಸೇರಿ ಒಂದೂವರೆ ಅಡಿ ಉದ್ದದ, ಮೈತುಂಬ ಮುಳ್ಳುಮುಳ್ಳಾದ ಓತಿಕ್ಯಾತ! ಸಿಟ್ಟು ಬಂದರೆ ಗಂಟಲ ಕೆಳಗಿನ ಚರ್ಮ ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದಂತೆ, ಥೇಟ್ ಗಡ್ಡ ಬಿಟ್ಟ ಹಾಗೆ. ಅದಕ್ಕೇ ಬಿಯರ್ಡೆಡ್ ಡ್ರ್ಯಾಗನ್ ಎಂದು ಹೆಸರು. ಇದರ ತೌರು ಆಸ್ಟ್ರೇಲಿಯದ ಒಳನಾಡಿನ ಒಣಭೂಮಿ. ತೇಜಸ್ವಿಯವರ ‘ಕರ್ವಾಲೊ’ ಓದುವಾಗ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಅಲೆಯುವವರನ್ನು ಕಂಡು ಇದೆಂಥ ಹುಚ್ಚಪ್ಪಾ ಎಂದುಕೊಂಡವಳು ನಾನು. ಈಗ ಆ ಹುಚ್ಚು ನಮ್ಮ ಮನೆಯೊಳಗೇ ಬಂದಿತ್ತು. ಮೊಮ್ಮಗ ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದ. ನನ್ನ ಬಾಯಲ್ಲಿ ಅದು ಗಡ್ಡಪ್ಪನಾಯಿತು.

ಎರಡನೆಯ ದಿನ ಹುಡುಗ, “ಅಜ್ಜಿ, ಕ್ರಿಕೆಟ್ ಮುಗಿದುಹೋಗಿದೆ, ಅಂಗಡಿಗೆ ಹೋಗಬೇಕು” ಅಂದ. ಬ್ಯಾಟು ಚೆಂಡು ಇರಬೇಕು ಎಂದುಕೊಂಡು ಜೊತೆಗೆ ಹೊರಟೆ. ಅಂಗಡಿಯವನು ಕೊಟ್ಟದ್ದು ಒಂದು ಚೀಲ ಜೀವಂತ ಹುಳು. ನಮ್ಮ ಕಡೆ ಮಳೆಗಾಲದ ರಾತ್ರಿ ಕಿರ್ ಎನ್ನುತ್ತವಲ್ಲ, ಆ ಜಾತಿಯವು. ಗಡ್ಡಪ್ಪನಿಗೆ ಅದೇ ಊಟ, ಜೊತೆಗೆ ಸೊಪ್ಪು. ಈ ಹುಳುಗಳಲ್ಲಿ ಸುಣ್ಣದ ಅಂಶ ಬಹಳ ಕಡಿಮೆ, ರಂಜಕ ಅದರ ಹಲವು ಪಟ್ಟು ಹೆಚ್ಚು. ಹಾಗೇ ತಿನ್ನಿಸುತ್ತಿದ್ದರೆ ಮೂಳೆಯೊಳಗಿನ ಸುಣ್ಣ ಕರಗುತ್ತಾ ಬಂದು ದವಡೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ. ಅದಕ್ಕೆ ರೊಟ್ಟಿ ತಟ್ಟುವಾಗ ಹಿಟ್ಟು ಉದುರಿಸಿದ ಹಾಗೆ ಹುಳುಗಳ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಹಾಕಬೇಕು. ನಾನು ಪ್ರೀತಿಯಿಂದ ಪಾಲಕ್ ಹಾಕಲು ಹೋದರೆ ಹುಡುಗ ತಡೆದ. ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಮೈಗೆ ಹತ್ತಗೊಡುವುದಿಲ್ಲವಂತೆ.

ಹೀಗಿರುವಾಗ ಒಂದು ದಿನ ಗಡ್ಡಪ್ಪನ ಹಿಂಗಾಲು ನಡುಗತೊಡಗಿತು. ಪಶುವೈದ್ಯರಲ್ಲಿಗೆ ಓಡಿದೆವು. ಎಕ್ಸ್‌ರೇ ತೆಗೆದು, ಮೂಳೆ ಸವೆದಿದೆ ಎಂದರು. ಡಿ3 ಸೇರಿದ ಕ್ಯಾಲ್ಸಿಯಂ ಪುಡಿ ದಿನಾಲೂ, ಮಲ್ಟಿವಿಟಮಿನ್ ಪುಡಿ ದಿನಾಲೂ ಕೊಡಿ ಎಂದರು. ಡಬ್ಬಿಗಳು ಅಲ್ಲೇ ಕೌಂಟರಿನಲ್ಲಿ ಸಿಕ್ಕವು. ನಾನು ಸಮಾಧಾನದಿಂದ ಕೈಮುಗಿದು ಬಂದೆ.

ಹುಡುಗನಿಗೆ ಮಾತ್ರ ಸಮಾಧಾನವಿರಲಿಲ್ಲ. ರಾತ್ರಿ ಡಬ್ಬಿಗಳ ಚೀಟಿಯನ್ನು ಓದುತ್ತಾ ಕೂತ. ಎರಡರಲ್ಲೂ ಡಿ3 ಇತ್ತು. ಪೆಟ್ಟಿಗೆಯ ಮೇಲೆ ಅತಿನೇರಳೆ ಕಿರಣದ ದೀಪವೂ ಇತ್ತು. ಆ ಕಿರಣ ಬಿದ್ದರೆ ಈ ಪ್ರಾಣಿಯ ಚರ್ಮವೇ ಡಿ3 ತಯಾರಿಸಿಕೊಳ್ಳುತ್ತದೆ, ಸಾಕಾದಾಗ ತಾನೇ ನಿಲ್ಲಿಸುತ್ತದೆ. ಬಾಯಿಂದ ಹೋದದ್ದಕ್ಕೆ ಆ ಕಡಿವಾಣವಿಲ್ಲ. ಅದು ಕೊಬ್ಬಿನಲ್ಲಿ ಸೇರಿ ಉಳಿಯುತ್ತದೆ, ಮಿತಿಮೀರಿದರೆ ಮೂಳೆಗೆ ಹೋಗಬೇಕಾದ ಸುಣ್ಣ ಮೂತ್ರಪಿಂಡದಲ್ಲೂ ರಕ್ತನಾಳದಲ್ಲೂ ಕೂರುತ್ತದೆ.

“ಅಜ್ಜಿ, ಡಾಕ್ಟರು ದೀಪದ ಬಗ್ಗೆ ಕೇಳಲೇ ಇಲ್ಲ” ಅಂದ.

“ಸುಮ್ಮನಿರೋ, ಅವರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ?” ಎಂದು ಗದರಿದೆ.

ಡಬ್ಬಿಯ ಮೇಲೆ ‘ಪಶುವೈದ್ಯರನ್ನು ಕೇಳಿ ಬಳಸಿ’ ಎಂದಿತ್ತು. ವೈದ್ಯರ ಚೀಟಿಯಲ್ಲಿ ‘ಡಬ್ಬಿಯ ಮೇಲೆ ಹೇಳಿದಷ್ಟು’ ಎಂದಿತ್ತು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ!

ಮರುದಿನ ಹುಡುಗ ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಅಮ್ಮನನ್ನು ಹೊರಡಿಸಿದ. ದೀಪವಿದ್ದೂ ಡಿ3 ಯಾಕೆ? ಎರಡೂ ಡಬ್ಬಿ ಸೇರಿ ಎಷ್ಟಾಗುತ್ತದೆ? ಎಲ್ಲಿಯವರೆಗೆ ಕೊಡಬೇಕು? ಡಾಕ್ಟರು ಸಿಡಿಮಿಡಿಗೊಂಡಾರು ಎಂದು ನಾನು ಸೆರಗು ಹಿಂಡುತ್ತಾ ನಿಂತಿದ್ದೆ. ಅವರು ಹಾಳೆ ಓದಿ, ಕುರ್ಚಿ ಎಳೆದು ಕೂತರು. “ದೀಪ ಕೊಂಡು ಎಷ್ಟು ದಿನವಾಯಿತು?” ಎಂದು ಆಗ ಕೇಳಿದರು. ಒಂದೂವರೆ ವರ್ಷ. ಅಲ್ಲಿ ಸಿಕ್ಕಿತು ನೋಡಿ ಗುಟ್ಟು. ಆ ದೀಪ ನಮ್ಮ ಕಣ್ಣಿಗೆ ಬೆಳಗುತ್ತಲೇ ಇರುತ್ತದೆ, ಆದರೆ ಅತಿನೇರಳೆ ಕಿರಣ ಅಷ್ಟರಲ್ಲಿ ಕುಂದಿಹೋಗಿರುತ್ತದೆ. ಕಿಟಕಿಯ ಬಿಸಿಲು ಬೀಳುತ್ತದಲ್ಲ ಎಂದರೆ, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಹಾಗಾಗಿ ಡಿ3 ಈಗ ಬೇಕೇ ಬೇಕಿತ್ತು, ಹುಡುಗನ ಅನುಮಾನ ಅಷ್ಟರಮಟ್ಟಿಗೆ ತಪ್ಪು. ಆದರೆ ಎರಡು ಡಬ್ಬಿಯಿಂದ ದಿನಾಲೂ ಬೇಡ, ಎಂದೆಂದಿಗೂ ಬೇಡ ಎಂಬುದು ಸರಿ. ಹೊಸ ದೀಪ ಹಾಕಿ, ಆರು ವಾರ ಬಿಟ್ಟು ಕರೆತನ್ನಿ, ಆಮೇಲೆ ಡಿ3 ಇಲ್ಲದ ಬರೀ ಕ್ಯಾಲ್ಸಿಯಂ ಸಾಕಾದೀತು, ಮಲ್ಟಿವಿಟಮಿನ್ ವಾರಕ್ಕೊಮ್ಮೆ ಎಂದು ಚೀಟಿ ತಿದ್ದಿದರು. “ಮೊದಲೇ ನಾನು ಕೇಳಬೇಕಿತ್ತು” ಎಂದೂ ಸೇರಿಸಿದರು.

ಮನೆಗೆ ಬಂದು ನಾನು ನನ್ನ ಭಾನುವಾರದ ಕ್ಯಾಪ್ಸೂಲ್ ನುಂಗಲು ಹೊರಟೆ. ಹುಡುಗ ಅದರ ಹಾಳೆ ತಿರುಗಿಸಿ ಓದಿದ. “ಅಜ್ಜಿ, ಇದೂ ಡಿ3. ಅರವತ್ತು ಸಾವಿರ! ನಿನಗೆ ಎಲ್ಲಿಯವರೆಗೆ ಅಂತ ಯಾರು ಹೇಳಿದರು?”

ಮಂಡಿನೋವಿಗೆಂದು ಎರಡು ವರ್ಷದ ಹಿಂದೆ ಬರೆದುಕೊಟ್ಟದ್ದು, ವಾರಕ್ಕೊಂದು. ಎಷ್ಟು ವಾರ ಎಂದು ನಾನು ಕೇಳಿರಲಿಲ್ಲ. ಹಳೇ ಚೀಟಿ ತೋರಿಸಿದರೆ ಔಷಧಿ ಅಂಗಡಿಯವನು ಕೊಡುತ್ತಲೇ ಇದ್ದ, ನಾನು ನುಂಗುತ್ತಲೇ ಇದ್ದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ತೌರಿನ ಕೊಟ್ಟಿಗೆ ನೆನಪಾಯಿತು. ನನಗೆ ಹತ್ತು ವರ್ಷವಿದ್ದಾಗ ನಮ್ಮ ಗೌರಿ ಕರು ಹಾಕಿದ ಮಾರನೇ ದಿನ ಕುಸಿದು ಬಿದ್ದಳು, ಕಿವಿಯೆಲ್ಲ ತಣ್ಣಗೆ. ಹಾಲುಜ್ವರ. ಸೈಕಲ್ಲಿನಲ್ಲಿ ಬಂದ ದನದ ಡಾಕ್ಟರು ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟ್ಲಿ ಏರಿಸಿದರು. ಅಪ್ಪಯ್ಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, “ಇದು ಯಾಕೆ? ಯಾಕಿಷ್ಟು ನಿಧಾನ? ಇನ್ನೊಂದು ಬಾಟ್ಲಿ ಬೇಕಾದೀತಾ?” ಎಂದು ಒಂದೂ ಬಿಡದೆ ಕೇಳಿದರು. ಅವಸರ ಮಾಡಿದರೆ ಹೃದಯ ನಿಂತೀತು, ಬದುಕಿಸುವುದೂ ಅದೇ, ಕೊಲ್ಲುವುದೂ ಅದೇ ಎಂದರು ಡಾಕ್ಟರು. ಸ್ವಲ್ಪ ಹೊತ್ತಿನಲ್ಲಿ ಗೌರಿ ಎದ್ದು ನಿಂತಳು.

ಅದೇ ಮನೆಯಲ್ಲಿ ಅಮ್ಮ ವರ್ಷಗಟ್ಟಲೆ ಯಾವುದೋ ಬಿಳಿ ಗುಳಿಗೆ ನುಂಗುತ್ತಿದ್ದಳು. ಯಾಕೆ, ಎಷ್ಟು, ಎಲ್ಲಿಯವರೆಗೆ ಎಂದು ಯಾರೂ ಕೇಳಲಿಲ್ಲ. ಅಪ್ಪಯ್ಯ ಕೇಳಲಿಲ್ಲ, ಅಮ್ಮನೂ ಕೇಳಲಿಲ್ಲ, ದೊಡ್ಡವಳಾದ ಮೇಲೆ ನಾನೂ ಕೇಳಲಿಲ್ಲ. ಅದು ಯಾವ ಗುಳಿಗೆ ಎಂದು ಈಗ ಹೇಳುವವರೂ ಇಲ್ಲ. ಹಸುವಿಗೆ ಸಿಕ್ಕ ಮೂರು ಪ್ರಶ್ನೆ ಅಮ್ಮನಿಗೆ ಸಿಗಲಿಲ್ಲ.

ಊರಿಗೆ ಬಂದವಳೇ ರಕ್ತಪರೀಕ್ಷೆ ಮಾಡಿಸಿದೆ. ವಿಟಮಿನ್ ಡಿ ಇರಬೇಕಾದ್ದಕ್ಕಿಂತ ಬಹಳ ಮೇಲೆ, ಕ್ಯಾಲ್ಸಿಯಂ ಗಡಿಯಂಚಿಗೆ. ಡಾಕ್ಟರು ಹಳೇ ಚೀಟಿ ನೋಡಿ, “ಇದು ಎಂಟು ವಾರಕ್ಕೆ ಬರೆದದ್ದಮ್ಮಾ. ಎಷ್ಟು ದಿನ ಅಂತ ಕೇಳಬಾರದಿತ್ತೇ?” ಎಂದರು. “ಹೇಳಬಾರದಿತ್ತೇ?” ಎಂದೆ. ಬಾಯಿಂದ ಬಂದ ಮೇಲೆ ನನಗೇ ಗಾಬರಿಯಾಯಿತು. ಅವರು ಒಂದು ಗಳಿಗೆ ಸುಮ್ಮನಿದ್ದು, ಕ್ಯಾಪ್ಸೂಲ್ ನಿಲ್ಲಿಸಿ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆಗೆ ಬರಲು ಹೇಳಿ, ದಿನಾಂಕವನ್ನೂ ಕನ್ನಡದಲ್ಲೇ ಬರೆದುಕೊಟ್ಟರು.

ಇಷ್ಟು ಓದಿ ನೀವು ನಿಮ್ಮ ಮಾತ್ರೆ ತೆಗೆದು ಕಸದ ಬುಟ್ಟಿಗೆ ಹಾಕೀರಿ, ಹಾಗೆ ಮಾಡಬೇಡಿ. ಬಿಡುವುದು ಬೇರೆ, ಕೇಳುವುದು ಬೇರೆ. ಗಡ್ಡಪ್ಪನ ಪುಡಿಯನ್ನೂ ನಾವು ನಿಲ್ಲಿಸಲಿಲ್ಲ, ಕೇಳಿ ತಿದ್ದಿಸಿಕೊಂಡೆವು, ಅಷ್ಟೇ.

ಮೊನ್ನೆ ಮೊಮ್ಮಗ ಫೋನಿನಲ್ಲಿ ಅವನನ್ನು ತೋರಿಸಿದ. ಹಿಂಗಾಲು ನಡುಗುತ್ತಿರಲಿಲ್ಲ. ಮುಂಗಾಲೊಂದನ್ನು ಎತ್ತಿ ನಿಧಾನಕ್ಕೆ ಬೀಸಿದ. ಈ ಪ್ರಾಣಿಗಳು ಎದುರಿನವರಿಗೆ ಶರಣು ಹೇಳುವ ಬಗೆ ಅದಂತೆ. ನಾನೂ ಇತ್ತ ಕಡೆಯಿಂದ ಕೈ ಬೀಸಿದೆ.