ಬೂದಿಯ ಬಯಲಿನಿಂದ ಹವಳದ ದ್ವೀಪಕ್ಕೆ

ಟಾಂಜಾನಿಯಾದ ನಕ್ಷೆಯಲ್ಲಿ ನಾವು ಮೊದಲು ಗುರುತು ಹಾಕಿಕೊಂಡದ್ದು ಎರಡೇ ಜಾಗ: ಸೆರೆಂಗೆಟಿಯ ದಕ್ಷಿಣದಂಚಿನ ನ್ಡುಟು ಮತ್ತು ಹಿಂದೂ ಮಹಾಸಾಗರದ ಮಾಫಿಯಾ ದ್ವೀಪ. ಅಲ್ಲಿ ಕರು ಹಾಕುವ ವೈಲ್ಡ್‌ಬೀಸ್ಟ್ ಹಿಂಡು, ಇಲ್ಲಿ ತಿಮಿಂಗಿಲ ಶಾರ್ಕ್. ರಸ್ತೆಯಲ್ಲಿ ಹೊರಟರೆ ರಜೆಯೆಲ್ಲ ಧೂಳಿನಲ್ಲೇ ಮುಗಿದೀತು. ಎರಡನ್ನೂ ಒಂದೇ ಪ್ರವಾಸದಲ್ಲಿ ಕಾಣಿಸಬಲ್ಲದ್ದು ಸೆಸ್ನಾ ಕ್ಯಾರವಾನ್. ಒಂದೇ ಎಂಜಿನ್, ಹನ್ನೆರಡರ ಆಸುಪಾಸು ಸೀಟು, ಮಣ್ಣಿನ ನೆಲದಲ್ಲೂ ಇಳಿಯುವ ಗಟ್ಟಿ ಚಕ್ರ. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ನೆಲ ಪೂರ್ತಿ ಕಣ್ಣಿಗೆ ಸಿಗುತ್ತದೆ.

ತಿಂಗಳು ಆರಿಸುವುದೇ ಅರ್ಧ ಕೆಲಸ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಮಸಿಕಾ. ಆಗ ಎಷ್ಟೋ ಏರ್‌ಸ್ಟ್ರಿಪ್‌ಗಳು ಕೆಸರು, ದಕ್ಷಿಣದ ಕ್ಯಾಂಪುಗಳು ಬಾಗಿಲು ಹಾಕುತ್ತವೆ. ಮಾಫಿಯಾದಲ್ಲಿ ಶಾರ್ಕ್ ಕಾಣುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ನ್ಡುಟುವಿನಲ್ಲಿ ಕರು ಹಾಕುವ ಭರ ಫೆಬ್ರವರಿಯಲ್ಲಿ. ಹಾಗಾಗಿ ಫೆಬ್ರವರಿ. ಆಗ ದ್ವೀಪದ ಮೇಲೆ ಬೀಸುವುದು ಈಶಾನ್ಯದ ಕಸ್ಕಾಜಿ ಗಾಳಿ. ಏಪ್ರಿಲ್ ಹೊತ್ತಿಗೆ ಅದು ನಿಂತು ದಕ್ಷಿಣದಿಂದ ಕುಸಿ ಏಳುತ್ತದೆ. ಆ ಕುಸಿಯೇ ಸಮಭಾಜಕ ದಾಟಿ ಬಲಕ್ಕೆ ಹೊರಳಿ, ಅರಬ್ಬಿ ಸಮುದ್ರದ ನೀರು ಹೀರಿಕೊಂಡು ಜೂನ್‌ನಲ್ಲಿ ಆಗುಂಬೆಯ ಮೇಲೆ ಸುರಿಯುತ್ತದೆ. ಇದನ್ನು ತಿಳಿದ ಮೇಲೆ ಆ ದೂರದ ದ್ವೀಪ ನಮ್ಮ ಮುಂಗಾರಿನ ತವರಿನಂತೆ ಕಾಣತೊಡಗಿತು.

ಉಳಿದದ್ದು ತೂಕದ ಲೆಕ್ಕ. ಒಬ್ಬರಿಗೆ 15 ಕೆ.ಜಿ., ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸು ವಿಮಾನದ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ಎತ್ತರದ ನೆಲದಲ್ಲಿ ಬಿಸಿಲೇರಿದಷ್ಟೂ ಗಾಳಿ ತೆಳುವಾಗಿ ರೆಕ್ಕೆಗೆ ಆಸರೆ ಕಡಿಮೆ. ಮಧ್ಯಾಹ್ನ ಕಾದ ನೆಲದಿಂದೇಳುವ ಗಾಳಿ ವಿಮಾನವನ್ನು ಕುಲುಕಿಸುತ್ತದೆ. ಕಾಡಿನ ಏರ್‌ಸ್ಟ್ರಿಪ್‌ಗಳಲ್ಲಿ ದೀಪವಿಲ್ಲದ್ದರಿಂದ ಕತ್ತಲಾದ ಮೇಲೆ ಇಳಿಯುವ ಮಾತಿಲ್ಲ. ಆದ್ದರಿಂದ ಎಲ್ಲ ಪಯಣವೂ ಬೆಳಗಿನದೇ. ಹೊರಡುವ ದಿನ ಅರೂಷಾದಲ್ಲಿ ನಮ್ಮ ಪೈಲಟ್ ರೆಕ್ಕೆಯ ಅಡಿಯಿಂದ ಒಂದಿಷ್ಟು ಇಂಧನ ಇಳಿಸಿ, ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಯಾರು ಎಲ್ಲಿ ಕೂರಬೇಕೆಂದು ತೋರಿಸಿದಳು.

ಮನ್ಯಾರಾ ಸರೋವರ ದಾಟಿದ್ದೇ ತಡ, ನೆಲ ಗೋಡೆಯಂತೆ ಎದ್ದು ಬಂತು. ಅದರಾಚೆ ಗೊರೊಂಗೊರೊ ಜ್ವಾಲಾಮುಖಿಯ ಕುಳಿ: 600 ಮೀಟರ್ ಆಳ, ಸುಮಾರು 20 ಕಿ.ಮೀ. ಅಗಲದ ಬಾಯಿ, ಒಳಗೆ ಹುಲ್ಲು, ಕೆರೆ, ಕಾಡು. ಬಲಕ್ಕೆ ದೂರದಲ್ಲಿ ಓಲ್ ಡೊಯಿನ್ಯೊ ಲೆಂಗಾಯ್, ಮಸಾಯಿಗಳ ದೇವರ ಬೆಟ್ಟ, ಇಂದಿಗೂ ಉರಿಯುವ ಜ್ವಾಲಾಮುಖಿ. ಈ ಬೆಟ್ಟಗಳು ಸಾವಿರಾರು ವರ್ಷ ಉಗುಳಿದ ಬೂದಿ ಪಶ್ಚಿಮದ ಬಯಲಿನ ಮೇಲೆ ಹರಡಿ, ಅಡಿಯಲ್ಲಿ ಗಟ್ಟಿ ಪದರವಾಗಿ ಕೂತಿದೆ. ಮರದ ಬೇರು ಅದನ್ನು ಸೀಳಲಾರದು, ಹುಲ್ಲಿಗೆ ಮಾತ್ರ ಅದು ಹಬ್ಬ. ಸುಣ್ಣ, ರಂಜಕ ತುಂಬಿದ ಆ ಗಿಡ್ಡ ಹುಲ್ಲೇ ಬಾಣಂತಿ ವೈಲ್ಡ್‌ಬೀಸ್ಟ್‌ಗೆ ಹಾಲು ಕೂಡಿಸುತ್ತದೆ. ಪುಸ್ತಕದಲ್ಲಿ ಓದಿದ ಕಾರಣ ಮತ್ತು ಕಾರ್ಯ ಎರಡೂ ಒಂದೇ ಕಿಟಕಿಯಲ್ಲಿ ಕಂಡವು: ಹಿಂದೆ ಬೆಟ್ಟ, ಮುಂದೆ ಹಸಿರು, ಹಸಿರಿನ ಮೇಲೆ ಕ್ಷಿತಿಜದವರೆಗೂ ಕಪ್ಪು ಚುಕ್ಕೆ.

ಈ ಚುಕ್ಕೆಗಳನ್ನು ಆಕಾಶದಿಂದ ಮೊದಲು ಎಣಿಸಹೊರಟವರು ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಮತ್ತು ಮಗ ಮಿಖಾಯೆಲ್. 1958ರಲ್ಲಿ ಜೀಬ್ರಾ ಪಟ್ಟೆ ಬಳಿದ ಪುಟ್ಟ ಡಾರ್ನಿಯರ್ ವಿಮಾನದಲ್ಲಿ ಬಯಲಿನ ಉದ್ದಗಲ ಹಾರಿ ಅವರು ಕಂಡ ವೈಲ್ಡ್‌ಬೀಸ್ಟ್ ಒಂದು ಲಕ್ಷದ ಆಸುಪಾಸು. 1959ರ ಜನವರಿಯಲ್ಲಿ ಅದೇ ವಿಮಾನಕ್ಕೆ ರಣಹದ್ದು ಬಡಿದು ಮಿಖಾಯೆಲ್ ಸತ್ತ. ಇನ್ನೂ 24ರ ಹುಡುಗ. ಗೊರೊಂಗೊರೊದ ಅಂಚಿನಲ್ಲಿ ಅವನ ಸಮಾಧಿಯಿದೆ. ಅಪ್ಪ ಕೆಲಸ ನಿಲ್ಲಿಸಲಿಲ್ಲ. ಇಬ್ಬರೂ ಸೇರಿ ತೆಗೆದ ಚಿತ್ರ ಆಸ್ಕರ್ ಗೆದ್ದು ಸೆರೆಂಗೆಟಿಯ ಹೆಸರನ್ನು ಜಗತ್ತಿಗೆ ಮುಟ್ಟಿಸಿತು. ಮುಂದೆ ಸುತ್ತಲ ಊರಿನ ದನಗಳಿಗೆ ಲಸಿಕೆ ಹಾಕಿ, ಅವುಗಳಿಂದ ವೈಲ್ಡ್‌ಬೀಸ್ಟ್‌ಗೂ ತಗಲುತ್ತಿದ್ದ ದೊಡ್ಡರೋಗವನ್ನು ಹಿಮ್ಮೆಟ್ಟಿಸಿದ ಮೇಲೆ ಹಿಂಡು ಬೆಳೆದು ಹತ್ತು ಲಕ್ಷ ಮೀರಿತು. ನ್ಡುಟುವಿನಲ್ಲಿ ನಾವು ಇಳಿಯುವ ಮುನ್ನ ಜೀಪೊಂದು ರನ್‌ವೇ ಉದ್ದಕ್ಕೂ ಓಡಿ ಆ ಹಿಂಡಿನ ಒಂದಿಷ್ಟನ್ನು ಬದಿಗೆ ಸರಿಸಿತು. ಹುಟ್ಟಿ ಹೆಚ್ಚು ಹೊತ್ತಾಗದ ಕರು ತಾಯಿಯ ಪಕ್ಕದಲ್ಲಿ ಓಡುವುದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ಅಲ್ಲಿಂದ ಕಡಲಿನ ಕಡೆಗೆ ಹೊರಟಾಗ ನಡುವೆ ನ್ಯೆರೆರೆ ರಾಷ್ಟ್ರೀಯ ಉದ್ಯಾನ. ಸೆಲೂಸ್ ಅಭಯಾರಣ್ಯದಿಂದ 2019ರಲ್ಲಿ ಬಿಡಿಸಿದ, 30,000 ಚದರ ಕಿ.ಮೀ. ಮೀರಿದ ಕಾಡು. ರುಫೀಜಿ ನದಿ ಕೆಂಪಗೆ ಬಳುಕುತ್ತಿತ್ತು. ಅದರ ಹಳೆಯ ಪಾತ್ರಗಳು ಸರೋವರಗಳಾಗಿ ನಿಂತಿದ್ದವು, ದಡದಲ್ಲಿ ನಮ್ಮ ತಾಳೆಯ ನೆಂಟ ಮರಗಳು, ನೀರಿನಲ್ಲಿ ನೀರಾನೆಗಳ ಬೆನ್ನು. ಇದೇ ನದಿ ಸಮುದ್ರ ಸೇರುವಲ್ಲಿ ಹತ್ತಾರು ಕವಲೊಡೆದು ಪೂರ್ವ ಆಫ್ರಿಕಾದ ಅತಿ ದೊಡ್ಡ ಕಾಂಡ್ಲಾ ಕಾಡನ್ನು ಬೆಳೆಸಿದೆ. ಅದರ ಗೋಡು ಕಡಲಿಗೆ ಇಳಿಯುವುದು ಮೇಲಿಂದ ಸ್ಪಷ್ಟವಾಗಿ ಕಾಣುತ್ತದೆ: ಕಂದು, ಆಮೇಲೆ ಮಾಸಲು ಹಸಿರು, ಆಮೇಲೆ ನೀಲಿ. ಆ ಗೋಡಿನ ಸತ್ವ ಉಂಡು ಪ್ಲ್ಯಾಂಕ್ಟನ್ ಬೆಳೆಯುತ್ತದೆ. ಅದನ್ನೂ ಸಣ್ಣ ಸೀಗಡಿಯನ್ನೂ ತಿನ್ನಲು ತಿಮಿಂಗಿಲ ಶಾರ್ಕ್ ಬರುತ್ತದೆ. ಇದೇ ನದಿಗೆ ಮೇಲ್ಗಡೆ ಸ್ಟೀಗ್ಲರ್ ಕಮರಿಯಲ್ಲಿ 2,115 ಮೆಗಾವಾಟ್‌ನ ಅಣೆಕಟ್ಟು ಎದ್ದಿದೆ. 2022ರ ಡಿಸೆಂಬರ್‌ನಲ್ಲಿ ನೀರು ತುಂಬಿಸತೊಡಗಿದರು. ದೇಶಕ್ಕೆ ವಿದ್ಯುತ್ ಬೇಕು, ನಿಜ. ಆದರೆ ಗೋಡು ಗೋಡೆಯ ಹಿಂದೆ ನಿಂತುಬಿಟ್ಟರೆ ಈ ಕಾಂಡ್ಲಾ, ಈ ಹಸಿರು ನೀರು ಏನಾದಾವು ಎಂಬ ಕಳವಳ ದ್ವೀಪ ಮುಟ್ಟುವವರೆಗೂ ಬಿಡಲಿಲ್ಲ.

ಮಾಫಿಯಾಕ್ಕೂ ಪುಟ್ಟ ವಿಮಾನಕ್ಕೂ ಹಳೆಯ ನಂಟು. 1915ರಲ್ಲಿ ಇದೇ ಕಾಂಡ್ಲಾದೊಳಗೆ ಅಡಗಿದ್ದ ಜರ್ಮನ್ ಯುದ್ಧನೌಕೆ ಕೋನಿಗ್ಸ್‌ಬರ್ಗ್‌ನ ಮೇಲೆ ತಮ್ಮ ಹಡಗುಗಳಿಗೆ ಗುರಿ ಹೇಳಿಕೊಡಲು ಬ್ರಿಟಿಷರ ವಿಮಾನಗಳು ಈ ದ್ವೀಪದಿಂದಲೇ ಹಾರಿದ್ದವು. 1995ರಲ್ಲಿ ಇಲ್ಲಿ ಟಾಂಜಾನಿಯಾದ ಮೊದಲ ಸಾಗರ ಉದ್ಯಾನ ಬಂತು.

ಪಶ್ಚಿಮ ದಡದ ಕಿಲಿಂಡೋನಿಯಿಂದ ದೋಣಿ ಹೊರಟು ಹೆಚ್ಚು ಹೊತ್ತಾಗಿರಲಿಲ್ಲ. ದೋಣಿಯವರು ಕೈ ತೋರಿಸಿದರು, ನಾನು ನೀರಿಗಿಳಿದೆ. ಆರೇಳು ಮೀಟರ್ ಉದ್ದದ ಮೈ, ಅದರ ತುಂಬ ಬಿಳಿ ಚುಕ್ಕಿ, ಬಾಯಿ ಅಗಲಿಸಿಕೊಂಡು ನೇರ ನನ್ನತ್ತಲೇ ಬಂತು. ಮುಟ್ಟಬಾರದು, ದಾರಿ ಬಿಡಬೇಕು ಎಂದು ಮೊದಲೇ ಹೇಳಿದ್ದರು. ಬದಿಗೆ ಸರಿದೆ, ಅದು ತನ್ನ ಪಾಡಿಗೆ ಮೇಯುತ್ತ ಸಾಗಿತು. ಇಲ್ಲಿಗೆ ಬರುವವುಗಳಲ್ಲಿ ಬಹುಪಾಲು ಇನ್ನೂ ಎಳೆಯ ಪ್ರಾಯದವಂತೆ!

ಮುಂದಿನ ನಕ್ಷೆ ಈಗಾಗಲೇ ಮೇಜಿನ ಮೇಲಿದೆ. ಅಕ್ಟೋಬರ್‌ನಲ್ಲಿ ಹಿಂಡು ಉತ್ತರದ ಮಾರಾ ನದಿಯ ಹತ್ತಿರ ಇರುತ್ತದೆ. ಅಲ್ಲಿಗೆ ಕೊಗಾಟೆಂಡೆ ಏರ್‌ಸ್ಟ್ರಿಪ್ ಇದೆ. ಶಾರ್ಕ್ ಕಾಲವೂ ಆಗಲೇ ಶುರು. ಬೆಳಗಿನ ವಿಮಾನಗಳ ಸಮಯ ಕೇಳಿ ಬರೆದಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ.